ಫಾತಿಮಾ, ಫಾತಿಮತ್, ಪಾತುಮ್ಮ: ಒಂದೇ ಹೆಸರಿನ ಹಲವು ಕಾಗುಣಿತ

ಅರಬಿ ದಾಖಲೆಗಳ ಅನುವಾದ ಮತ್ತು ದೃಢೀಕರಣದ ಕೆಲಸದಲ್ಲಿರುವ ನಮ್ಮಂಥವರ ಮೇಜಿಗೆ ಅತಿ ಹೆಚ್ಚು ರೂಪಗಳಲ್ಲಿ ಬರುವ ಹೆಣ್ಣುಮಕ್ಕಳ ಹೆಸರು ಫಾತಿಮಾ. ಕರಾವಳಿಯ ಒಂದೇ ಮನೆಯ ಕಡತವನ್ನು ಬಿಡಿಸಿದರೆ ಅಜ್ಜಿ ಪಡಿತರ ಚೀಟಿಯಲ್ಲಿ ಪಾತುಮ್ಮ, ಮಗಳು ಶಾಲೆಯ ವರ್ಗಾವಣೆ ಪತ್ರದಲ್ಲಿ ಫಾತಿಮತ್ ಝೊಹರಾ, ಮೊಮ್ಮಗಳು ಜನನ ಪ್ರಮಾಣಪತ್ರದಲ್ಲಿ ಫಾತಿಮಾ ಝಹರಾ ಆಗಿರುವುದುಂಟು. ಇವುಗಳಲ್ಲಿ ಸರಿಯಾದದ್ದು ಯಾವುದು, ಉಳಿದವನ್ನು ತಿದ್ದಿಸಬೇಕೇ ಎಂದು ಬಂದವರು ಕೇಳುತ್ತಾರೆ. ಅದರ ಬೆನ್ನಿಗೇ, ಈ ಹೆಸರಿಗೆ ನಿಜವಾದ ಅರ್ಥವೇನು ಎಂಬ ಪ್ರಶ್ನೆಯೂ ಬರುತ್ತದೆ. ಎರಡನೆಯದಕ್ಕೆ ಉತ್ತರ ಸುಲಭವಾದ್ದರಿಂದ ಅದನ್ನೇ ಮೊದಲು ಮುಗಿಸುತ್ತೇನೆ.

ಅರಬಿ ಪದಗಳು ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ಇಲ್ಲಿನ ಧಾತು ಫ-ತ-ಮ. ಅದರಿಂದ ಬಂದ ‘ಫಿತಾಮ್’ ಎಂಬ ಪದಕ್ಕೆ ಮಗುವಿಗೆ ಎದೆಹಾಲು ಬಿಡಿಸುವುದು ಎಂದರ್ಥ. ‘ಫಾತಿಮಾ’ ಎಂಬುದು ಅದೇ ಧಾತುವಿನ ಕರ್ತೃರೂಪದ ಸ್ತ್ರೀಲಿಂಗವಾದ್ದರಿಂದ, ಹಾಲು ಬಿಡಿಸುವವಳು ಎಂಬುದು ಅದರ ನೇರ ಅರ್ಥ. ಮಕ್ಕಳ ಹೆಸರಿನ ಪಟ್ಟಿಗಳಲ್ಲಿ ಕಾಣುವ ‘ಆಕರ್ಷಕಳು’, ‘ಮೋಹಕಳು’ ಎಂಬ ಅರ್ಥಗಳಿಗೆ ನಿಘಂಟಿನ ಆಧಾರವಿಲ್ಲ. ಧಾತುವಿನಲ್ಲಿರುವ ‘ಬೇರ್ಪಡಿಸು’ ಎಂಬ ಭಾವವನ್ನು ಹಿಡಿದು, ಪ್ರವಾದಿ ಮುಹಮ್ಮದರ ಮಗಳು ಫಾತಿಮಾರನ್ನೂ ಆಕೆಯನ್ನು ಪ್ರೀತಿಸುವವರನ್ನೂ ದೇವರು ನರಕದ ಬೆಂಕಿಯಿಂದ ದೂರವಿರಿಸಿದ ಎಂದು ಧಾರ್ಮಿಕ ಪರಂಪರೆ, ವಿಶೇಷವಾಗಿ ಶಿಯಾ ಪರಂಪರೆ, ವ್ಯಾಖ್ಯಾನಿಸುತ್ತದೆ. ಅದು ಭಕ್ತಿಯ ವ್ಯಾಖ್ಯಾನ. ವ್ಯಾಕರಣದ ಉತ್ತರದ ಜೊತೆ ಅದಕ್ಕೆ ಜಗಳವೇನೂ ಇಲ್ಲ.

ಹೆಸರು ಇಸ್ಲಾಮಿಗಿಂತ ಹಳೆಯದು. ಆರನೆಯ ಶತಮಾನದ ಕವಿ ಇಮ್ರುಲ್ ಕೈಸ್ ತನ್ನ ಪ್ರಸಿದ್ಧ ದೀರ್ಘ ಕವಿತೆಯಲ್ಲಿ ಮುನಿದ ನಲ್ಲೆಯನ್ನು ಕರೆಯುವುದು ಇದೇ ಹೆಸರಿನಿಂದ. ಪ್ರವಾದಿಯವರ ಕಾಲದ ಅರಬರಲ್ಲಂತೂ ಇದು ಮನೆಮನೆಯ ಹೆಸರಾಗಿತ್ತು: ಪ್ರವಾದಿಯವರ ಅಳಿಯ ಅಲಿಯವರ ತಾಯಿ ಫಾತಿಮಾ, ಮಡದಿಯೂ ಫಾತಿಮಾ, ಮುಂದೆ ಖಲೀಫರಾದ ಉಮರ್ ಅವರ ಸೋದರಿಯೂ ಫಾತಿಮಾ. ಉಡುಗೊರೆಯಾಗಿ ಬಂದ ರೇಷ್ಮೆ ಬಟ್ಟೆಯೊಂದನ್ನು ಪ್ರವಾದಿಯವರು ಅಲಿಯವರಿಗೆ ಕೊಟ್ಟು, ‘ಫವಾತಿಮ್’ಗಳ ನಡುವೆ ಹಂಚು ಎಂದರೆಂದು, ಅವರ ನಡೆನುಡಿಗಳ ದಾಖಲೆಯಾದ ಹದೀಸಿನಲ್ಲಿದೆ. ಫಾತಿಮಾ ಎಂಬುದರ ಬಹುವಚನ ಅದು. ಹೆಸರಿಗೆ ಬಹುವಚನ ಬೇಕಾಗುವಷ್ಟು ಫಾತಿಮಾಗಳು ಒಂದೇ ಬಳಗದಲ್ಲಿದ್ದರು.

ಆದರೂ ಈ ಹೆಸರು ಜಗತ್ತಿನ ತುಂಬ ಹರಡಿದ್ದು ಒಬ್ಬರಿಂದಲೇ: ಪ್ರವಾದಿಯವರ ಮಗಳು, ಹಸನ್ ಮತ್ತು ಹುಸೇನರ ತಾಯಿ, 632ರಲ್ಲಿ ತೀರಿಕೊಂಡ ಫಾತಿಮಾ. 909ರಿಂದ 1171ರವರೆಗೆ ಉತ್ತರ ಆಫ್ರಿಕಾದಲ್ಲೂ ಈಜಿಪ್ಟಿನಲ್ಲೂ ಆಳಿದ ಖಲೀಫರು ಆಕೆಯ ವಂಶವೆಂದು ಹೇಳಿಕೊಂಡೇ ಫಾತಿಮಿಗಳೆನಿಸಿದರು. ಆಕೆಯ ಬಿರುದು ‘ಅಲ್ ಝಹ್ರಾ’, ಅಂದರೆ ಕಾಂತಿಯುಳ್ಳವಳು. ನಮ್ಮ ಕಡತಗಳ ಅರ್ಧ ತೊಡಕು ಹೆಸರೂ ಬಿರುದೂ ಸೇರುವ ಈ ಜಾಗದಲ್ಲಿಯೇ ಇದೆ.

ಅರಬಿಯಲ್ಲಿ ಸ್ತ್ರೀಲಿಂಗ ಪದಗಳ ಕೊನೆಯಲ್ಲಿ ಬರುವ ಒಂದು ವಿಶೇಷ ಅಕ್ಷರ ಪದ ಒಂಟಿಯಾಗಿದ್ದಾಗ ‘ಅ’ಕಾರದಂತೆ ಕೇಳಿಸುತ್ತದೆ, ಮುಂದಿನ ಪದದೊಡನೆ ಕೂಡಿದಾಗ ‘ತ್’ ಆಗಿ ಹೊರಬೀಳುತ್ತದೆ. ‘ಮರ’ ಎಂದಾಗ ಇಲ್ಲದ ದಕಾರ ‘ಮರದ ಕೊಂಬೆ’ ಎಂದಾಗ ಕಾಣಿಸಿಕೊಳ್ಳುವುದಿಲ್ಲವೇ, ಹಾಗೆ. ಆದ್ದರಿಂದ ಬಿರುದು ಸೇರಿದಾಗ ಅರಬಿಯಲ್ಲಿ ಹೆಸರು ‘ಫಾತಿಮತುಝ್ಝಹ್ರಾ’ ಎಂದಾಗುತ್ತದೆ. ನಮ್ಮ ಕರಾವಳಿಯ ಬ್ಯಾರಿ ಮತ್ತು ಕೇರಳದ ಮಾಪಿಳ್ಳೆ ಮುಸ್ಲಿಮರ ಮನೆಗಳಲ್ಲಿ ಕಾಣುವ ಫಾತಿಮತ್, ಆಯಿಶತ್, ಖದೀಜತ್ ಎಂಬ ರೂಪಗಳ ಕೊನೆಯ ತಕಾರ ಇದೇ. ಮಾಲ್ಡೀವ್ಸ್‌ನಲ್ಲಿಯೂ ಈ ರೂಪವೇ ವಾಡಿಕೆ. ಪಶ್ಚಿಮ ಆಫ್ರಿಕಾದ ಸೆನೆಗಲ್, ಮಾಲಿ, ಗಿನಿ ದೇಶಗಳ ‘ಫಾತುಮಾತಾ’ ಎಂಬ ಹೆಸರು ಕೂಡ ಆ ತಕಾರವನ್ನು ಉಳಿಸಿಕೊಂಡಿದೆ. ಅದನ್ನು ಮೊಟಕುಗೊಳಿಸಿ ಅಲ್ಲಿನವರು ‘ಫಾತು’ ಎನ್ನುತ್ತಾರೆ, ನಮ್ಮವರು ‘ಪಾತು’ ಎನ್ನುತ್ತಾರೆ. ಹಾಗಿರುವಾಗ ಫಾತಿಮತ್ ಎಂಬುದನ್ನು ಕಾಗುಣಿತದ ತಪ್ಪೆಂದು ಗುರುತುಹಾಕಿ ಅರ್ಜಿಯನ್ನು ಹಿಂದಿರುಗಿಸುವ ಗುಮಾಸ್ತರು ಶುದ್ಧ ಅರಬಿ ವ್ಯಾಕರಣವನ್ನೇ ತಿದ್ದಲು ಹೊರಟಿರುತ್ತಾರೆ.

ಝಹರಾ, ಝೊಹರಾ ಗೊಂದಲಕ್ಕೂ ಒಂದು ಮೂಲವಿದೆ. ಅರಬಿಯಲ್ಲಿ ‘ಝುಹರಾ’ ಎಂದರೆ ಶುಕ್ರಗ್ರಹ. ಝಹ್ರಾ, ಝುಹರಾ ಎರಡೂ ಹೊಳಪನ್ನು ಸೂಚಿಸುವ ಒಂದೇ ಧಾತುವಿನವು, ಎರಡೂ ಹೆಣ್ಣುಮಕ್ಕಳ ಹೆಸರುಗಳು. ನಮ್ಮ ಕಡೆ ಎರಡೂ ಬೆರೆತುಹೋಗಿವೆ. ಅದನ್ನು ಬಿಡಿಸುವ ಗೋಜಿಗೆ ನಾನು ಹೋಗುವುದಿಲ್ಲ. ಮನೆಯವರು ಯಾವುದನ್ನು ಕರೆಯುತ್ತಾರೋ ಅದೇ ಆಕೆಯ ಹೆಸರು.

ಉಳಿದ ಭಾಷೆಗಳು ತಮ್ಮ ತಮ್ಮ ನಾಲಿಗೆಗೆ ಒಗ್ಗುವಂತೆ ಹೆಸರನ್ನು ಬಾಗಿಸಿಕೊಂಡಿವೆ. ತುರ್ಕರಲ್ಲಿ ಅದು ಫತ್ಮಾ, ಇರಾನಿನಲ್ಲಿ ಫಾತೆಮೆ, ಪರ್ಶಿಯನ್ ಪ್ರಭಾವದಿಂದ ಬಂಗಾಳಿಯಲ್ಲಿ ಫಾತೇಮಾ, ಅಲ್ಜೀರಿಯಾದ ಕಬೀಲ್ ಜನರಲ್ಲಿ ಫದ್ಮಾ. ಅದೇ ಅಲ್ಜೀರಿಯಾದಲ್ಲಿ ಹೆಸರಿಗೆ ಒಂದು ಅವಮಾನವೂ ಅಂಟಿತು: ವಸಾಹತು ಕಾಲದ ಫ್ರೆಂಚರು ಮನೆಗೆಲಸದ ಮುಸ್ಲಿಂ ಹೆಂಗಸರನ್ನೆಲ್ಲ, ಅವರ ಹೆಸರು ಏನೇ ಇರಲಿ, ‘ಫತ್ಮಾ’ ಎಂದೇ ಕರೆಯುತ್ತಿದ್ದರು. ಆ ಫ್ರೆಂಚರ ವಿರುದ್ಧ 1850ರ ದಶಕದಲ್ಲಿ ಕಬೀಲ್ ಬೆಟ್ಟಗಳಲ್ಲಿ ಹೋರಾಡಿ 1857ರಲ್ಲಿ ಸೆರೆಯಾದವಳ ಹೆಸರೂ ಲಲ್ಲಾ ಫತ್ಮಾ ನ್ಸುಮೇರ್ ಎಂಬುದನ್ನು ಇಲ್ಲಿ ನೆನೆಯದೆ ಇರಲಾಗದು.

ಕನ್ನಡ ಓದುಗರಲ್ಲಿ ಹಲವರಿಗೆ ಅಚ್ಚರಿ ತರುವುದು ಹೆಸರಿನ ಕ್ರೈಸ್ತ ಮುಖ. ಹುಬ್ಬಳ್ಳಿಯ ಕೇಶ್ವಾಪುರದ ಫಾತಿಮಾ ಹೈಸ್ಕೂಲ್ ಆಗಲಿ, ಮಂಗಳೂರಿನ ಫಾತಿಮಾ ರಿಟ್ರೀಟ್ ಹೌಸ್ ಆಗಲಿ ಮುಸ್ಲಿಂ ಸಂಸ್ಥೆಗಳಲ್ಲ, ಕೆಥೋಲಿಕ್ ಸಂಸ್ಥೆಗಳು. ಪೋರ್ಚುಗಲ್‌ನಲ್ಲಿ ಫಾತಿಮಾ ಎಂಬ ಹೆಸರಿನ ಊರೊಂದಿದೆ. ಸ್ಪೇನ್, ಪೋರ್ಚುಗಲ್‌ಗಳಿರುವ ಐಬೀರಿಯಾವನ್ನು ಅರಬರು ಆಳಿದ ಕಾಲದ ನೆನಪನ್ನು ಆ ಹೆಸರು ಹೊತ್ತಿದೆ. ಕ್ರೈಸ್ತ ಯೋಧನಿಗೆ ಸೆರೆಸಿಕ್ಕು ಅವನನ್ನೇ ವರಿಸಿದ ಮೂರ್, ಅಂದರೆ ಅಲ್ಲಿನ ಮುಸ್ಲಿಂ, ರಾಜಕುಮಾರಿಯೊಬ್ಬಳಿಂದ ಊರಿಗೆ ಆ ಹೆಸರು ಬಂತೆಂದು ಐತಿಹ್ಯ ಹೇಳುತ್ತದೆ. 1917ರ ಮೇ 13ರಿಂದ ಅಕ್ಟೋಬರ್ 13ರವರೆಗೆ ಅದರ ಹತ್ತಿರದ ಬಯಲಿನಲ್ಲಿ ಲೂಸಿಯಾ, ಫ್ರಾನ್ಸಿಸ್ಕೊ, ಜಸಿಂತಾ ಎಂಬ ಕುರಿಕಾಯುವ ಮೂವರು ಮಕ್ಕಳು ತಮಗೆ ಮರಿಯಮ್ಮನ ದರ್ಶನವಾಯಿತೆಂದು ಹೇಳಿದರು. ಅಲ್ಲಿಂದ ಮುಂದೆ ‘ಮರಿಯಾ ದ ಫಾತಿಮಾ’ ಎಂಬುದು ಪೋರ್ಚುಗೀಸ್ ಕೆಥೋಲಿಕ್ ಹೆಣ್ಣುಮಕ್ಕಳ ಜನಪ್ರಿಯ ಹೆಸರಾಯಿತು. ಬ್ರೆಜಿಲ್‌ಗೂ, 1961ರವರೆಗೆ ಪೋರ್ಚುಗೀಸರ ಕೈಯಲ್ಲಿದ್ದ ಗೋವಾಕ್ಕೂ ಹೋಯಿತು. ನಮ್ಮ ಕರಾವಳಿಯ ಕೊಂಕಣಿ ಕ್ರೈಸ್ತರ ಮನೆಗಳಲ್ಲೂ ಫಾತಿಮಾ ಇದ್ದಾಳೆ. ಕೊಂಕಣಿಯಲ್ಲಿ ಮರಿಯಮ್ಮನನ್ನು ಕರೆಯುವ ‘ಸಾಯ್ಬಿಣ್’ ಎಂಬ ಮಾತು ಕೂಡ ಅರಬಿಯ ‘ಸಾಹಿಬ್’ನಿಂದ ಬಂದದ್ದು. ಹೆಸರನ್ನು ನೋಡಿ ಧರ್ಮದ ಕಾಲಂ ತುಂಬುವ ಡಿಟಿಪಿ ಅಂಗಡಿಗಳಿಗೆ ಇಷ್ಟು ತಿಳಿದಿದ್ದರೆ ಒಳ್ಳೆಯದಿತ್ತು.

ಇನ್ನು ಕಾಗುಣಿತದ ವಿಚಾರ. ದಕ್ಷಿಣ ಭಾರತದಲ್ಲಿ ನಾವು ತಕಾರವನ್ನು ಇಂಗ್ಲಿಷಿನಲ್ಲಿ ‘ಟಿ ಎಚ್’ ಎಂದು ಬರೆಯುತ್ತೇವೆ. ‘ಟಿ’ ಒಂದನ್ನೇ ಬರೆದರೆ ಅದು ಟಕಾರವಾಗುತ್ತದೆಂಬುದು ನಮ್ಮ ರೂಢಿ. ಆದ್ದರಿಂದ ಉತ್ತರದವರ ಹೆಸರಿನಲ್ಲಿಲ್ಲದ ಒಂದು ‘ಎಚ್’ ನಮ್ಮ ಫಾತಿಮಾಗಳಲ್ಲಿ ಇರುತ್ತದೆ. 1989ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿಯಾದ ಕೇರಳದ ಎಂ. ಫಾತಿಮಾ ಬೀವಿಯವರ ಹೆಸರಿನಲ್ಲೂ ಆ ‘ಎಚ್’ ಇದೆ. ದೇಶದೊಳಗೆ ಇದರಿಂದ ತೊಂದರೆಯಿಲ್ಲ. ಈ ಕಾಗುಣಿತದ ಪಾಸ್‌ಪೋರ್ಟ್ ಕೊಲ್ಲಿ ದೇಶಕ್ಕೆ ಹೋದಾಗ, ಅಲ್ಲಿನ ಗುಮಾಸ್ತ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ನೋಡಿ ಅರಬಿಗೆ ಇಳಿಸುತ್ತಾನೆ. ‘ಟಿ ಎಚ್’ ಕಂಡ ಕೂಡಲೇ, ಮೂಲ ಹೆಸರಿನ ದಪ್ಪ ತಕಾರದ ಅಕ್ಷರದ ಬದಲು, ನಾಲಿಗೆಯ ತುದಿಯನ್ನು ಹಲ್ಲುಗಳ ನಡುವೆ ಇಟ್ಟು ಉಚ್ಚರಿಸುವ ಇನ್ನೊಂದು ಅಕ್ಷರವನ್ನು ಬರೆಯುತ್ತಾನೆ. ಹ್ರಸ್ವ ಇಕಾರಕ್ಕೆ ದೀರ್ಘದ ಅಕ್ಷರ ಸೇರಿಸುತ್ತಾನೆ. ಕೊನೆಯ ಸ್ತ್ರೀಲಿಂಗದ ಅಕ್ಷರವನ್ನು ಬಿಟ್ಟು ಬರಿಯ ಆಕಾರ ಹಾಕುತ್ತಾನೆ. ಅರಬರ ಮನೆಮಾತಿನ ಹೆಸರು ಅರಬರ ನಾಡಿನಲ್ಲೇ ಹೊರನಾಡಿನ ಹೆಸರಿನಂತೆ ಇಕಾಮಾದ, ಅಂದರೆ ಅಲ್ಲಿನ ವಾಸದ ಪರವಾನಗಿಯ, ಮೇಲೆ ಅಚ್ಚಾಗುತ್ತದೆ. ಮಗುವಿನ ಜನನ ಅಲ್ಲಿ ನೋಂದಣಿಯಾದರೆ ತಾಯಿಯ ಹೆಸರಿನ ಜಾಗದಲ್ಲಿ ಇದೇ ರೂಪ ಉಳಿಯುತ್ತದೆ. ಅದು ಅನುವಾದಕ್ಕೆಂದು ನಮ್ಮ ಬಳಿಗೆ ಬಂದಾಗ, ಅಕ್ಷರಕ್ಕೆ ಅಕ್ಷರ ಬರೆದರೆ ಪಾಸ್‌ಪೋರ್ಟಿಗೆ ಹೊಂದುವುದಿಲ್ಲ. ಇಂಥಲ್ಲಿ ನಾನು ಪಾಸ್‌ಪೋರ್ಟಿನ ಕಾಗುಣಿತವನ್ನೇ ಅನುವಾದದಲ್ಲಿ ಬಳಸಿ, ಅರಬಿ ಮೂಲದಲ್ಲಿ ಹೀಗಿದೆ ಎಂದು ಅಡಿಯಲ್ಲಿ ಷರಾ ಬರೆಯುತ್ತೇನೆ. ಅನುವಾದಕ್ಕೆ ಕೊಡುವಾಗ ಪಾಸ್‌ಪೋರ್ಟಿನ ಪ್ರತಿಯನ್ನೂ ಕೇಳದ ಅನುವಾದಕರಿಂದ ದೂರವಿರುವುದು ಲೇಸು.

ಉಪನಾಮದ ಕಾಲಂ ಇನ್ನೊಂದು ಸಿಕ್ಕು. ಬೀವಿ, ಬಿ, ಬೇಗಂ ಎಂಬವು ಗೌರವಸೂಚಕಗಳೇ ಹೊರತು ಮನೆತನದ ಹೆಸರುಗಳಲ್ಲ; ಝೊಹರಾ ಕೂಡ ಅಲ್ಲ. ಹಾಗೆಂದು ಆ ಕಾಲಂ ಖಾಲಿ ಬಿಟ್ಟವರಿಗೆ 2022ರ ನವೆಂಬರಿನಲ್ಲಿ ಪೇಚು ಎದುರಾಯಿತು: ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿರುವವರಿಗೆ ಭೇಟಿಯ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಸಂಯುಕ್ತ ಅರಬ್ ಸಂಸ್ಥಾನ ನಿಯಮ ಮಾಡಿತು, ಆಮೇಲೆ, ಎರಡನೆಯ ಪುಟದಲ್ಲಿ ತಂದೆಯ ಅಥವಾ ಮನೆತನದ ಹೆಸರಿದ್ದರೆ ಸಾಕೆಂದು ಸ್ಪಷ್ಟಪಡಿಸಿತು. ಹೊಸದಾಗಿ ಅರ್ಜಿ ಹಾಕುವವರಿಗೆ ನನ್ನ ಸಲಹೆ ಇಷ್ಟು: ಫಾತಿಮತ್ ಝೊಹರಾ ಎಂಬ ಜೋಡಿಯನ್ನು ಒಡೆಯದೆ ಎರಡನ್ನೂ ಹೆಸರಿನ ಕಾಲಂನಲ್ಲಿಯೇ ಇರಿಸಿ, ಉಪನಾಮದಲ್ಲಿ ತಂದೆಯ ಹೆಸರನ್ನೋ ಮನೆತನದ ಹೆಸರನ್ನೋ ಬರೆಸಿ.

ಹಳೆಯ ದಾಖಲೆಗಳ ವಿಷಯದಲ್ಲಿ, ಅರಬಿ ಮೂಲಕ್ಕೆ ಹತ್ತಿರವಾಗಲೆಂದು ಪಾತುಮ್ಮನನ್ನು ಫಾತಿಮಾ ಮಾಡಿಸುವ ಹಂಬಲವನ್ನು ನಾನು ಒಪ್ಪುವುದಿಲ್ಲ. ಅಜ್ಜಿಯ ಜಮೀನಿನ ಪಹಣಿ, ಬ್ಯಾಂಕಿನ ಪುಸ್ತಕ, ಮತದಾರರ ಚೀಟಿ ಎಲ್ಲವೂ ಪಾತುಮ್ಮ ಎಂದಿದ್ದರೆ ಆಧಾರ್ ಒಂದನ್ನು ಅದಕ್ಕೆ ಹೊಂದಿಸಿದರಾಯಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇರುವವರು ಅದರ ಕಾಗುಣಿತವನ್ನೇ ಆಧಾರವಾಗಿ ಹಿಡಿಯುವುದು ಕ್ಷೇಮ. ಒಂದೆರಡು ಅಕ್ಷರದ ವ್ಯತ್ಯಾಸಕ್ಕೆ ಎರಡೂ ಹೆಸರು ಒಬ್ಬರದ್ದೇ ಎಂಬ ಅಫಿಡವಿಟ್ ಸಾಮಾನ್ಯವಾಗಿ ಸಾಲುತ್ತದೆ. ಹೆಸರೇ ಬದಲಾಗುವುದಾದರೆ ಮಾತ್ರ ಪತ್ರಿಕಾ ಪ್ರಕಟಣೆ ಮತ್ತು ರಾಜ್ಯಪತ್ರದ ದಾರಿ ಹಿಡಿಯಬೇಕಾಗುತ್ತದೆ. ಅಫಿಡವಿಟ್ಟಿನಲ್ಲಿ ದಾಖಲೆಗಳಲ್ಲಿರುವ ಪ್ರತಿಯೊಂದು ರೂಪವನ್ನೂ, ಯಾವುದು ಯಾವ ದಾಖಲೆಯಲ್ಲಿದೆ ಎಂಬುದನ್ನೂ ಬಿಡಿಸಿ ಬರೆಸಿ. ‘ಇತ್ಯಾದಿ’ ಎಂದು ಬರೆಸಿದ ಅಫಿಡವಿಟ್ಟನ್ನು ರಾಯಭಾರ ಕಚೇರಿಗಳು ಒಪ್ಪುವ ಭರವಸೆಯಿಲ್ಲ.