ಅವನಿಗೆ ಒಂದು, ನಂಗ್ಯಾಕೆ ನಾಲ್ಕು?

ಅಮ್ಮನ ಕಾಲಲ್ಲಿ ಗಾಯ ಕೀವಾದಾಗ ಡಾಕ್ಟ್ರು ಸೆಫಲೆಕ್ಸಿನ್ ಬರೆದ್ರು, ಆರು ಗಂಟೆಗೊಂದು ಕ್ಯಾಪ್ಸೂಲ್, ಮಧ್ಯರಾತ್ರಿನೂ ಅಲಾರಂ ಇಟ್ಟು ಎಬ್ಬಿಸ್ಬೇಕು. ಅದೇ ವಾರ ಟೈಫಾಯ್ಡ್ ಆಗಿ ಅಡ್ಮಿಟ್ ಆಗಿದ್ದ ಪಕ್ಕದ್ಮನೆ ಹುಡುಗನಿಗೆ ಸೆಫ್ಟ್ರಿಯಾಕ್ಸೋನ್, ದಿನಕ್ಕೊಂದೇ ಇಂಜೆಕ್ಷನ್. ಎರಡೂ ಸೆಫಲೋಸ್ಪೊರಿನ್ ಅನ್ನೋ ಆಂಟಿಬಯಾಟಿಕ್ ಜಾತಿನೇ. "ಅವನಿಗೆ ಒಂದು, ನಂಗ್ಯಾಕೆ ನಾಲ್ಕು?" ಅಂದ್ಳು ಅಮ್ಮ.

ಬ್ಯಾಕ್ಟೀರಿಯಾಗೆ ಮೈ ಸುತ್ತ ಒಂದು ಗೋಡೆ ಇರತ್ತೆ, ಬೆಳೀತಾ ಇದ್ದಷ್ಟೂ ಅದನ್ನ ಕಟ್ತಾನೇ ಇರ್ಬೇಕು. ಕಟ್ಟೋ ಮೇಸ್ತ್ರಿ ಒಂದು ಎನ್‌ಜೈಮು. ನಮ್ಮ ಔಷಧಿಯ ಬೀಟಾ-ಲ್ಯಾಕ್ಟಮ್ ಅನ್ನೋ ನಾಲ್ಕು ಮೂಲೆಯ ಉಂಗುರ ನೋಡೋಕೆ ಇಟ್ಟಿಗೆ ತುದಿ ಥರಾನೇ ಇರೋದ್ರಿಂದ ಮೇಸ್ತ್ರಿ ಮೋಸಹೋಗಿ ಅದನ್ನ ಹಿಡ್ಕೋತಾನೆ, ಹಿಡಿದ ಕೈ ಅಲ್ಲೇ ಅಂಟ್ಕೊಂಡ್ಬಿಡತ್ತೆ, ಗೋಡೆ ಬಿರುಕು ಬಿಟ್ಟು ನೀರು ಒಳಗೆ ನುಗ್ಗಿ ಬ್ಯಾಕ್ಟೀರಿಯಾ ಒಡೆದೋಗತ್ತೆ. ನಮ್ಮ ಜೀವಕೋಶಕ್ಕೆ ಆ ಗೋಡೆನೇ ಇಲ್ಲ, ಹಾಗಾಗಿ ನಾವು ಬಚಾವ್.

ಇಲ್ಲಿ ಒಂದೇ ಸಲಕ್ಕೆ ಜಾಸ್ತಿ ತುರುಕಿದ್ರೆ ಜಾಸ್ತಿ ಸಾಯತ್ತೆ ಅಂತೇನಿಲ್ಲ. ಸಾಕಷ್ಟು ಔಷಧಿ ಎಷ್ಟು ಹೊತ್ತು ರಕ್ತದಲ್ಲಿ ನಿಂತಿತ್ತು ಅನ್ನೋದೇ ಲೆಕ್ಕ. ಸೆಫಲೆಕ್ಸಿನ್ ಸುಮಾರು ಒಂದು ಗಂಟೇಲಿ ಅರ್ಧಕ್ಕಿಳಿಯತ್ತೆ, ಕಿಡ್ನಿ ಅದನ್ನ ಸರಸರ ಮೂತ್ರಕ್ಕೆ ತಳ್ಳತ್ತೆ. ಸೆಫ್ಟ್ರಿಯಾಕ್ಸೋನ್ ಮಾತ್ರ ರಕ್ತದ ಅಲ್ಬುಮಿನ್ ಅನ್ನೋ ಪ್ರೋಟೀನ್‌ಗೆ 85ರಿಂದ 95 ಪರ್ಸೆಂಟ್ ಅಂಟ್ಕೊಂಡು ಕೂತು ನಿಧಾನಕ್ಕೆ ಬಿಡ್ತಾ ಹೋಗತ್ತೆ, ಅರ್ಧಕ್ಕಿಳಿಯೋಕೆ ಸುಮಾರು ಎಂಟು ಗಂಟೆ. ಒಂದಷ್ಟು ಪಿತ್ತದ ದಾರೀಲೂ ಹೊರಹೋಗತ್ತೆ. ಆದ್ರೆ ಕ್ಯಾಲ್ಸಿಯಂ ಜೊತೆ ಸೇರಿದ್ರೆ ಹರಳುಗಟ್ಟತ್ತೆ, ಅದಕ್ಕೇ ಆ ವಯಲ್ ಪುಡಿಯನ್ನ ಕ್ಯಾಲ್ಸಿಯಂ ಇರೋ ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಾಟ್ಲಿಗೆ ಬೆರೆಸಲ್ಲ, ಹಸುಗೂಸಲ್ಲಂತೂ ಪ್ರಾಣಕ್ಕೇ ಕುತ್ತು.

ತಮಾಷೆ ಏನಂದ್ರೆ ಈ ವಂಶದ ಮೂಲ ಚರಂಡಿ. 1945ರಲ್ಲಿ ಇಟಲಿಯ ಸಾರ್ಡೀನಿಯಾ ದ್ವೀಪದ ಕಾಲ್ಯಾರಿಯಲ್ಲಿ ಜುಸೆಪ್ಪೆ ಬ್ರೊಟ್ಸು ಅನ್ನೋ ವೈದ್ಯರು ಕೊಳಚೆ ಸಮುದ್ರಕ್ಕೆ ಸೇರೋ ಜಾಗದ ನೀರಿಂದ ಒಂದು ಬೂಷ್ಟು ಹಿಡಿದ್ರು, ಅದರ ರಸ ಟೈಫಾಯ್ಡ್ ಬ್ಯಾಕ್ಟೀರಿಯಾನ ತಡೀತಿತ್ತು. ಆ ಬೂಷ್ಟು ಆಕ್ಸ್‌ಫರ್ಡ್‌ಗೆ ಹೋಗಿ, ಅಲ್ಲಿ ಏಬ್ರಹಾಂ ಮತ್ತು ನ್ಯೂಟನ್ ಅನ್ನೋ ವಿಜ್ಞಾನಿಗಳು 1953ರಲ್ಲಿ ಸೆಫಲೋಸ್ಪೊರಿನ್ ಸಿ ಕಂಡ್ರು. ಅದು ಸ್ವಲ್ಪ ಸಣಕಲು, ಆದ್ರೆ ಪೆನಿಸಿಲಿನ್ನನ್ನ ಮುರಿಯೋ ಎನ್‌ಜೈಮಿಗೆ ಜಗ್ಗಲಿಲ್ಲ. ಆಮೇಲೆ ಅದರ ತಿರುಳಿಗೆ ಬೇರೆ ಬೇರೆ ಬಾಲ ಅಂಟಿಸ್ತಾ ತಲೆಮಾರು ಬೆಳೀತು.

ಹಾಗಾದ್ರೆ ಅಮ್ಮನಿಗೂ ಮೂರನೇ ತಲೆಮಾರಿನ ಸೆಫ್ಟ್ರಿಯಾಕ್ಸೋನೇ ಕೊಡ್ಬಹುದಿತ್ತಲ್ಲ? ಚರ್ಮದ ಕೀವಲ್ಲಿ ಸಾಮಾನ್ಯವಾಗಿ ಇರೋದು ಸ್ಟ್ಯಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ, ಅದರ ಮೇಲೆ ಸೆಫಲೆಕ್ಸಿನ್ ಥರದ ಮೊದಲ ತಲೆಮಾರಿನ ಹಳೇ ಔಷಧಿಗಳದ್ದೇ ಕೈ ಮೇಲು, ಮೂರನೇ ತಲೆಮಾರಿನವು ಟೈಫಾಯ್ಡ್ ಥರದ ಗ್ರಾಂ-ನೆಗೆಟಿವ್ ಗುಂಪಿನ ಬ್ಯಾಕ್ಟೀರಿಯಾ‌ಗಳಿಗೆ ಚುರುಕಾದಷ್ಟೂ ಇಲ್ಲಿ ಮೆತ್ತಗಾದ್ವು. ಇದನ್ನೆಲ್ಲ ವಿವರಿಸಿದ್ರೆ ಅಮ್ಮ, "ಸರಿ, ರಾತ್ರಿ ಎಬ್ಬಿಸೋವಾಗ ಲೈಟ್ ಹಾಕ್ಬೇಡ" ಅಂದ್ಳು.