ತೆಗೆಸಿದವರು ಯಾರು?

ತೀರ್ಥಹಳ್ಳಿ ಕಡೆಯ ಯಾವುದಾದರೂ ಮನೆಯ ಜಗಲಿಯಲ್ಲಿ ಕೂತು, ಎಲೆ-ಅಡಿಕೆ ತಟ್ಟೆ ಎದುರಿಗಿರುವಾಗಲೇ, ಅಡಿಕೆ ಕ್ಯಾನ್ಸರ್ ತರುತ್ತದೆ ಎಂದು ಹೇಳಿ ನೋಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2004ರಲ್ಲೇ ಹಾಗೆ ಹೇಳಿದೆ ಎಂದರೂ ಎರಡನೇ ಲೋಟ ಕಾಫಿ ಸಿಗುವುದು ಅನುಮಾನ. ಊರಿಗೆ ಬೇಡವಾದ ಮಾತಿಗೆ ಇಷ್ಟೇ ಶಿಕ್ಷೆಯಾಗಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಈಗ ಜಾಲದಲ್ಲಿ ಬರೆದದ್ದೇ ಮಾಯವಾಗುತ್ತದೆ, ತೆಗೆಸಿದವರು ಯಾರೆಂದೂ ತಿಳಿಯುವುದಿಲ್ಲ.

ಇದೇ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರ ಕಾದಂಬರಿ 1970ರಲ್ಲಿ 'ಸಂಸ್ಕಾರ' ಚಿತ್ರವಾಯಿತು. ಶಿವಮೊಗ್ಗ ಸೀಮೆಯವರೇ ಆದ ಲಂಕೇಶ್ ಅದರಲ್ಲಿ ನಾರಣಪ್ಪ. ಜಾತಿಯ ಸಂಗತಿ, ಗಲಾಟೆಯಾದೀತು ಎಂದು ಮದರಾಸಿನ ಸೆನ್ಸಾರ್ ಮಂಡಳಿ ತಡೆಯಿತು. ಬೇಡ ಎಂದವರು ಯಾರೆಂದು ಗೊತ್ತಿತ್ತಲ್ಲ, ಅವರ ಮೇಲಿನವರ ಬಾಗಿಲು ತಟ್ಟಲು ದಾರಿಯಿತ್ತು. ಕೇಂದ್ರದ ವಾರ್ತಾ ಸಚಿವಾಲಯ ತಡೆ ತೆಗೆಯಿತು. ಆಮೇಲೆ ರಾಷ್ಟ್ರಪ್ರಶಸ್ತಿಯೂ ಬಂತು.

ಗಲಾಟೆಯ ಭಯ ಸುಳ್ಳಲ್ಲ, ಅದನ್ನು ಶಿವಮೊಗ್ಗದವರಿಗೆ ಬಿಡಿಸಿ ಹೇಳಬೇಕಿಲ್ಲ. 2010ರ ಮಾರ್ಚ್ 1ರಂದು, ತಸ್ಲೀಮಾ ನಸ್ರೀನ್ ಹೆಸರಿನಲ್ಲಿ ಕನ್ನಡ ಪತ್ರಿಕೆಯೊಂದರಲ್ಲಿ ಬಂದ ಲೇಖನದ ನೆಪದಲ್ಲಿ ನಗರ ಹೊತ್ತಿ ಉರಿದು ಇಬ್ಬರು ಸತ್ತರು, ಕರ್ಫ್ಯೂ ಬಿತ್ತು. ತಾನು ಕರ್ನಾಟಕದ ಯಾವ ಪತ್ರಿಕೆಗೂ ಬರೆದೇ ಇಲ್ಲ ಎಂದು ಲೇಖಕಿ ಹೇಳುವಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು.

ಇಂಥ ಭಯವನ್ನೇ ಬಂಡವಾಳ ಮಾಡಿಕೊಂಡದ್ದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ. 2009ರಲ್ಲಿ ಜಾರಿಗೆ ಬಂದ ಈ ಕಲಮಿನ ಪ್ರಕಾರ, ಜಾಲದಲ್ಲಿ ಬರೆದದ್ದು ಇನ್ನೊಬ್ಬರಿಗೆ 'ಕಿರಿಕಿರಿ' ತಂದರೂ ಮೂರು ವರ್ಷದವರೆಗೆ ಜೈಲು. (ಕಿರಿಕಿರಿಯೇ ಅಪರಾಧವಾದರೆ ನಮ್ಮ ಅರ್ಧ ಊರು ಒಳಗಿರಬೇಕು.) 2015ರ ಮಾರ್ಚ್ 24ರಂದು ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಚರ್ಚೆ ಬೇರೆ, ಪ್ರತಿಪಾದನೆ ಬೇರೆ, ಪ್ರಚೋದನೆ ಬೇರೆ. ತಡೆಯಬಹುದಾದದ್ದು ಕೊನೆಯದನ್ನಷ್ಟೇ ಎಂದಿತು.

ಆದರೆ ಜಾಲದಲ್ಲಿ ಬಂದದ್ದನ್ನು ತಡೆಹಿಡಿಯಲು ಕೇಂದ್ರ ಸರ್ಕಾರಕ್ಕೆ ಅಧಿಕಾರ ಕೊಡುವ 69ಎ ಕಲಮು ಅದೇ ತೀರ್ಪಿನಲ್ಲಿ ಉಳಿಯಿತು. ನನ್ನ ತಕರಾರು ಇರುವುದು ಇಲ್ಲೇ. ತಡೆಗೆ ಕಾರಣ ಬರೆದಿಡಬೇಕು, ಅದನ್ನು ಕೋರ್ಟಿನಲ್ಲಿ ಪ್ರಶ್ನಿಸಬಹುದು ಎಂಬುದು ನ್ಯಾಯಪೀಠದ ಸಮಾಧಾನ. ಅತ್ತ ಇದೇ ಕಲಮಿಗಾಗಿ ಮಾಡಿದ 2009ರ ನಿಯಮಾವಳಿಯ 16ನೇ ನಿಯಮ ದೂರನ್ನೂ ಅದರ ಮೇಲಿನ ಕ್ರಮವನ್ನೂ ಗುಟ್ಟಾಗಿಡಿ ಎನ್ನುತ್ತದೆ. ಬರೆದವನಿಗೆ ಕಾಣುವುದು 'ಭಾರತದಲ್ಲಿ ತಡೆಹಿಡಿಯಲಾಗಿದೆ' ಎಂಬ ಒಂದು ಸಾಲು. ಅದು ಪ್ರಚೋದನೆಯೋ, ಬರೀ ಕಿರಿಕಿರಿಯೋ ಎಂದು ಅವನು ಯಾರನ್ನು ಕೇಳಬೇಕು?

ಟ್ವಿಟರ್ ಕೇಳಿ ನೋಡಿತು. 39 ಕೊಂಡಿಗಳ ಮೇಲಿನ ತಡೆ ಆದೇಶ ಪ್ರಶ್ನಿಸಿದ ಅದರ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2023ರ ಜೂನ್ 30ರಂದು ವಜಾ ಮಾಡಿ, 50 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ಆಮೇಲೆ ಬಂದದ್ದು, ಇಂಥದ್ದನ್ನು ತೆಗೆಯಿರಿ ಎಂದು ಸರ್ಕಾರಿ ಸಂಸ್ಥೆಗಳು ಜಾಲತಾಣಗಳಿಗೆ ನೋಟಿಸ್ ಕಳಿಸುವ 'ಸಹಯೋಗ್' ಪೋರ್ಟಲ್. ಇದು, ಸರ್ಕಾರ ಹೇಳಿದ್ದನ್ನು ತೆಗೆಯದ ಜಾಲತಾಣಕ್ಕೆ ಕಾನೂನಿನ ರಕ್ಷಣೆ ಇಲ್ಲ ಎನ್ನುವ 79(3)(ಬಿ) ಕಲಮಿನಡಿ ನಡೆಯುವುದರಿಂದ 69ಎಗಿರುವ ಆ ಅಲ್ಪಸ್ವಲ್ಪ ಕಟ್ಟುಪಾಡೂ ಇಲ್ಲಿಲ್ಲ. ಅದರ ವಿರುದ್ಧ ಎಕ್ಸ್ (ಹೆಸರು ಬದಲಿಸಿಕೊಂಡ ಅದೇ ಟ್ವಿಟರ್) ಹೂಡಿದ ಅರ್ಜಿಯೂ 2025ರ ಸೆಪ್ಟೆಂಬರ್ 24ರಂದು ಅದೇ ಹೈಕೋರ್ಟಿನಲ್ಲಿ ಬಿದ್ದುಹೋಯಿತು. ಎರಡು ಸಲವೂ ಅರ್ಜಿ ಹಾಕಿದ್ದು ಕಂಪನಿ, ಬರೆದವರಲ್ಲ.