ತೂತು ಬಿದ್ದಾಗ ಅದು ಕಲ್ಲಾಗಿತ್ತೇ, ಕೆಸರಾಗಿತ್ತೇ?

ಕುರುಹು ಪಳೆಯುಳಿಕೆ ಅಂದರೆ ಪ್ರಾಣಿಯ ಮೈಯಲ್ಲ, ಅದು ಬಿಟ್ಟುಹೋದ ಕೆಲಸದ ಗುರುತು. ಹೆಜ್ಜೆ, ಬಿಲ, ತೂತು ಎಲ್ಲವೂ ಸೇರುತ್ತವೆ. ಈ ಟಿಪ್ಪಣಿ ತೂತುಗಳ ಬಗ್ಗೆ ಮಾತ್ರ.

ಬಂಡೆಯಲ್ಲಿ ತೂತು ಕಂಡರೆ ಮೊದಲ ಪ್ರಶ್ನೆ: ಬಿಲವೋ, ಕೊರೆತವೋ? ಬಿಲ ತೋಡಿದ್ದು ಮೆತ್ತನೆಯ ಕೆಸರಿನಲ್ಲಿ. ಕೆಸರು ಆಮೇಲೆ ಕಲ್ಲಾಯಿತು. ಕೊರೆತ ಬಿದ್ದದ್ದು ಆಗಲೇ ಗಟ್ಟಿಯಾಗಿದ್ದ ಕಲ್ಲಿಗೆ. ಮೇಲ್ನೋಟಕ್ಕೆ ಎರಡೂ ಒಂದೇ ಥರ ಕಾಣಬಹುದು. ಗುಟ್ಟು ಇರುವುದು ತೂತಿನ ಅಂಚಿನಲ್ಲಿ. ಬಿಲ ತೋಡುವ ಹುಳುವಿಗೆ ದಾರಿಯಲ್ಲಿ ಹಳೆ ಚಿಪ್ಪು ಅಡ್ಡ ಬಂದರೆ ಪಕ್ಕಕ್ಕೆ ತಳ್ಳುತ್ತದೆ, ಇಲ್ಲವೇ ಅದನ್ನು ಸುತ್ತುಹಾಕಿಕೊಂಡು ಹೋಗುತ್ತದೆ. ಕೊರೆಯುವ ಪ್ರಾಣಿಗೆ ಅದು ಆಗದು. ಚಿಪ್ಪು ಕಲ್ಲಿನೊಳಗೆ ಕಚ್ಚಿಕೊಂಡಿರುತ್ತದೆ, ಅಲ್ವಾ? ಕಲ್ಲಿನ ಜೊತೆ ಚಿಪ್ಪನ್ನೂ ಕೊರೆದುಕೊಂಡೇ ಸಾಗುತ್ತದೆ. ಅಂಚಿನಲ್ಲಿ ಚೊಕ್ಕವಾಗಿ ತುಂಡಾದ ಚಿಪ್ಪು ಕಂಡರೆ ಧೈರ್ಯವಾಗಿ ಕೊರೆತ ಅಂತ ಬರೆಯಿರಿ.

ಹೆಸರುಗಳಲ್ಲಿ ನಾನು ಜಾಸ್ತಿ ಎಡವಿದ್ದೆ. ‘ಟ್ರಿಪನೈಟ್ಸ್’ ಒಂದು ಹುಳು ಅಂದುಕೊಂಡಿದ್ದೆ. ಅಲ್ಲ, ಅದು ತೂತಿನ ಹೆಸರು! ಕವಲಿಲ್ಲದ, ಕೊಳವೆಯಂಥ ಸಣ್ಣ ತೂತು; ಸುಮಾರು 50 ಕೋಟಿ ವರ್ಷ ಹಿಂದಿನ ಕೇಂಬ್ರಿಯನ್ ಕಾಲದಿಂದಲೇ ಸಿಗುತ್ತದೆ. ‘ಎಂಟೋಬಿಯಾ’ ಸ್ಪಂಜು ಎಂಬ ಕಡಲ ಪ್ರಾಣಿಗಳ ಕೆಲಸ, ಒಂದಕ್ಕೊಂದು ಕೂಡಿಕೊಂಡ ಪುಟ್ಟ ಕೋಣೆಗಳು.

ನನಗೆ ತುಂಬಾ ಹಿಡಿಸಿದ್ದು ‘ಗ್ಯಾಸ್ಟ್ರೋಕೀನೊಲೈಟ್ಸ್’. ಹೂಜಿಯ ಆಕಾರ: ಬಾಯಿ ಕಿರಿದು, ಹೊಟ್ಟೆ ಅಗಲ. ಇದನ್ನು ಮಾಡುವುದು ಹೆಚ್ಚಾಗಿ ಎರಡು ಚಿಪ್ಪಿನ ಮೃದ್ವಂಗಿಗಳು. ಮರಿಯಾಗಿದ್ದಾಗ ಒಳಗೆ ಸೇರಿ, ಬೆಳೆದಂತೆಲ್ಲ ಕೋಣೆ ದೊಡ್ಡದು ಮಾಡಿಕೊಳ್ಳುತ್ತವೆ. ಆಮೇಲೆ ಆ ಬಾಯಿಯಿಂದ ಹೊರಗೆ ಬರಲು ಸಾಧ್ಯವೇ ಇಲ್ಲ. ಫೋಲಾಡ್ ಜಾತಿಯವು ಚಿಪ್ಪಿನಿಂದಲೇ ಕಲ್ಲು ಉಜ್ಜುತ್ತವೆ. ಲಿಥೊಫಾಗ ಎಂಬ ಇನ್ನೊಂದು ಮೃದ್ವಂಗಿ ತನ್ನ ಮೈಯಿಂದ ಬರುವ ರಸದಿಂದ ಸುಣ್ಣಕಲ್ಲನ್ನು ಕರಗಿಸುತ್ತದೆ. ಅದರ ಚಿಪ್ಪೂ ಸುಣ್ಣದ್ದೇ, ಆದರೆ ಮೇಲಿನ ದಪ್ಪ ಕಂದು ಪೊರೆ ಅದನ್ನು ಕಾಯುತ್ತದೆ.

ಈ ತೂತುಗಳಿಂದ ಏನು ತಿಳಿಯುತ್ತದೆ? ಇಂಗ್ಲೆಂಡಿನ ಮೆಂಡಿಪ್ ಬೆಟ್ಟಗಳ ವಾಲಿಸ್ ವೇಲ್‌ನಲ್ಲಿ ಓರೆಯಾಗಿ ನಿಂತ ಕಾರ್ಬೊನಿಫೆರಸ್ ಕಾಲದ (30 ಕೋಟಿ ವರ್ಷಕ್ಕೂ ಹಿಂದಿನ) ಸುಣ್ಣಕಲ್ಲಿನ ಮೇಲೆ ಜುರಾಸಿಕ್ ಕಾಲದ (ಡೈನೋಸಾರ್‌ಗಳಿದ್ದ ಕಾಲದ) ಪದರ ಮಟ್ಟಸವಾಗಿ ಕೂತಿದೆ. ಕೆಳಗಿನ ಕಲ್ಲಿನ ತಲೆಯ ಮೇಲೆಲ್ಲ ಕೊರೆತ. ಅಂದರೆ ಹೊಸ ಪದರ ಬೀಳುವ ಮೊದಲು ಹಳೆಯದು ಕಲ್ಲಾಗಿ, ಓರೆಯಾಗಿ, ಸವೆದು, ಬರಿಮೈಯಲ್ಲಿ ಸಮುದ್ರದ ತಳವಾಗಿತ್ತು. ಎರಡರ ನಡುವೆ 10 ಕೋಟಿ ವರ್ಷಕ್ಕೂ ಮೀರಿದ ಅಂತರವಿದೆ.

ಇಷ್ಟು ಹಳೆಯದಲ್ಲದ ಉದಾಹರಣೆ ಇಟಲಿಯ ಪೊಜ್ಜುವೋಲಿಯದು. ಅಲ್ಲಿ ರೋಮನ್ ಮಾರುಕಟ್ಟೆಯೊಂದರ 3 ಅಮೃತಶಿಲೆಯ ಕಂಬಗಳು ಇನ್ನೂ ನಿಂತಿವೆ. ಚಾರ್ಲ್ಸ್ ಲಯೆಲ್ 1830ರಲ್ಲಿ ತನ್ನ ಭೂವಿಜ್ಞಾನದ ಪುಸ್ತಕದ ಮುಖಚಿತ್ರಕ್ಕೆ ಇವನ್ನೇ ಆರಿಸಿದ. ಕೆಳಗಿನ ಸುಮಾರು 12 ಅಡಿ ನಯವಾಗಿದೆ, ಅದರ ಮೇಲೆ ಸುಮಾರು 9 ಅಡಿ ಲಿಥೊಫಾಗ ಕೊರೆದ ತೂತುಗಳು. ಕಂಬ ನಿಂತಿದ್ದ ನೆಲ ಕುಸಿದು ಸಮುದ್ರದಡಿ ಹೋಗಿ, ಮತ್ತೆ ಮೇಲೆದ್ದಿದೆ. ಹಾಗಾದರೆ ಕೆಳಗಿನ 12 ಅಡಿ ಹೇಗೆ ಉಳಿಯಿತು? ನೀರು ಏರಿದಾಗ ಆ ಭಾಗ ಮಣ್ಣಿನಲ್ಲಿ ಹೂತಿತ್ತು, ಚಿಪ್ಪುಗಳಿಗೆ ಸಿಗಲೇ ಇಲ್ಲ.